ಬಿಸಿಲಿನ ಅನ್ನಾಂಗ

ಹಸುಗೂಸಿಗೆ ಎಣ್ಣೆ ತಿಕ್ಕಿ, ನೀರೆರೆದು, ಬಳಿಕ ಅದನ್ನು ಕಾಲುಗಳ ಮೇಲೆ ಮಲಗಿಸಿಕೊಂಡು ಎಳೆಬಿಸಿಲಿನಲ್ಲಿ ಕೂರುವ ಅಜ್ಜಿಯನ್ನು ನಮ್ಮಲ್ಲಿ ಕಾಣದವರಿಲ್ಲ. ಬಿಸಿಲು ತಾಗಿದರೆ ಮಗುವಿನ ಮೂಳೆ ಗಟ್ಟಿಯಾಗುತ್ತದೆ ಎಂಬುದು ಆಕೆಯ ನಂಬಿಕೆ. ಬಿಸಿಲೆಂದರೆ ಬೆಳಕು, ಮೂಳೆಯೆಂದರೆ ಬಹುಮಟ್ಟಿಗೆ ಸುಣ್ಣ ಮತ್ತು ರಂಜಕ. ಇವೆರಡಕ್ಕೂ ಎಲ್ಲಿಯ ನಂಟು? ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುವ ಈ ನಂಟನ್ನು ಬಿಡಿಸಿ ತಿಳಿಯಲು ವಿಜ್ಞಾನಕ್ಕೆ ಹೆಚ್ಚುಕಡಿಮೆ ಮುನ್ನೂರು ವರ್ಷಗಳು ಬೇಕಾದುವು.

ಇತ್ತೀಚಿನ ದಿನಗಳಲ್ಲಿ ಈ ನಂಬಿಕೆ ಮೂಳೆಯ ಮೇರೆಯನ್ನು ದಾಟಿ ಬಹುದೂರ ಬಂದಿದೆ. ಬಿಸಿಲಿನಿಂದ ನಮ್ಮ ದೇಹದಲ್ಲಿ ಹುಟ್ಟುವ ಡಿ ಅನ್ನಾಂಗ, ಎಂದರೆ ವಿಟಮಿನ್ ಡಿ, ನೆಗಡಿಯನ್ನು ತಡೆಯುತ್ತದೆ, ಕೋವಿಡ್ ರೋಗವನ್ನು ವಾಸಿಮಾಡುತ್ತದೆ, ಕ್ಯಾನ್ಸರ್ ಗಂಟನ್ನೂ ಕರಗಿಸುತ್ತದೆ ಎಂಬ ಮಾತುಗಳು ಮನೆಮನೆಗೂ ತಲುಪಿವೆ. ಒಂದು ದಿನ ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ನನ್ನ ಬಳಿ ಬಂದು ನಿಂತ. ಅವನ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ವೈದ್ಯರು ಕಂಡುಹಿಡಿದಿದ್ದರು. ಶಸ್ತ್ರಚಿಕಿತ್ಸೆಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಬಂಧುಗಳೊಬ್ಬರು ಬಂದು, “ಈಗಲೇ ಕೊಯ್ಯಿಸುವುದೇಕೆ? ಡಿ ವಿಟಮಿನ್ ಗುಳಿಗೆಯನ್ನು ಹೆಚ್ಚಾಗಿ ಕೊಟ್ಟು ಮೂರು ತಿಂಗಳು ನೋಡೋಣ. ವಿಜ್ಞಾನಿಗಳೇ ಹೇಳಿದ್ದಾರಲ್ಲ” ಎಂದರಂತೆ. “ಅದು ನಿಜವೇ, ಸಾರ್?” ಎಂದು ಅವನು ಕೇಳಿದ.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಅವನ ಪ್ರಶ್ನೆಯ ಅರ್ಧ ಭಾಗ ಬೆಳಕಿಗೆ ಸಂಬಂಧಿಸಿದುದು. ಉಳಿದರ್ಧ, ಅಳತೆಯ ಸಂಖ್ಯೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಕ್ಕೆ ಸಂಬಂಧಿಸಿದುದು. ಇವೆರಡೂ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸವಲ್ಲ. ಆದುದರಿಂದ ಈ ವಿಷಯವನ್ನು ಮೊದಲಿನಿಂದ ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಹೊಗೆ ಕವಿದ ನಗರಗಳು

೧೬೫೦ರಲ್ಲಿ ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಗ್ಲಿಸನ್ ರಿಕೆಟ್ಸ್ ಎಂಬ ರೋಗವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ಈ ರೋಗ ಹಿಡಿದ ಮಕ್ಕಳ ಮೂಳೆಗಳು ಮೆತ್ತಗಾಗುತ್ತವೆ. ದೇಹದ ಭಾರವನ್ನು ತಾಳಲಾರದೆ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಮುಂದೆ ಕೈಗಾರಿಕೆಗಳು ಬೆಳೆದು ನಗರಗಳ ಮೇಲೆ ಕಲ್ಲಿದ್ದಲ ಹೊಗೆ ಕವಿದಂತೆ ರೋಗವೂ ಹಬ್ಬಿತು. ೧೮೨೨ರಲ್ಲಿ ಪೋಲೆಂಡಿನ ಶ್ನ್ಯಾದೆತ್ಸ್ಕಿ ಎಂಬ ವೈದ್ಯ, ವಾರ್ಸಾ ನಗರದ ಮಕ್ಕಳಲ್ಲಿ ಕಾಣುವ ಈ ರೋಗ ಸುತ್ತಲಿನ ಹಳ್ಳಿಗಳ ಮಕ್ಕಳಲ್ಲಿ ಅಪರೂಪವೆಂಬುದನ್ನು ಗಮನಿಸಿ, ಬಿಸಿಲೇ ಅದಕ್ಕೆ ಮದ್ದೆಂದು ಬರೆದ. ೧೮೯೦ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬ ಇಂಗ್ಲಿಷ್ ವೈದ್ಯ ಬೇರೆ ಬೇರೆ ದೇಶಗಳಿಂದ ಸುದ್ದಿ ತರಿಸಿ ನೋಡಿದ. ಬಡತನವೂ ಅರೆಹೊಟ್ಟೆಯೂ ಇದ್ದರೂ ಬಿಸಿಲು ಧಾರಾಳವಾಗಿರುವ ನಾಡುಗಳಲ್ಲಿ ರಿಕೆಟ್ಸ್ ವಿರಳ. ಬಿಸಿಲಿಲ್ಲದ ಸಿರಿವಂತ ನಗರಗಳಲ್ಲಿ ವಿಪುಲ. ಇಷ್ಟಾದರೂ ಅವರ ಮಾತಿಗೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ.

ನಿರ್ಣಾಯಕವಾದ ವರ್ಷ ೧೯೧೯. ಆ ವರ್ಷ ಇಬ್ಬರು ಎರಡು ಬೇರೆ ದಾರಿಗಳಿಂದ ಒಂದೇ ಊರನ್ನು ತಲುಪಿದರು. ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳನ್ನು ಮನೆಯೊಳಗೇ ಇಟ್ಟು, ಬಹುಮಟ್ಟಿಗೆ ಧಾನ್ಯದ ಆಹಾರವನ್ನೇ ಕೊಟ್ಟು ಅವುಗಳಲ್ಲಿ ರಿಕೆಟ್ಸ್ ಬರಿಸಿದ. ಬಳಿಕ ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಕುಡಿಸಿ ಅದನ್ನು ತಡೆಯಬಹುದೆಂದು ತೋರಿಸಿದ. ಅದೇ ಸಮಯದಲ್ಲಿ ಬರ್ಲಿನ್ ನಗರದ ವೈದ್ಯ ಹುಲ್ಡ್‌ಶಿನ್‌ಸ್ಕಿ ಎಣ್ಣೆಯ ಗೊಡವೆಗೇ ಹೋಗದೆ, ಪಾದರಸದ ಆವಿಯ ದೀಪದಿಂದ ಹೊಮ್ಮುವ ಅತಿನೇರಿಳೆ ಕಿರಣಗಳನ್ನು ರೋಗಿ ಮಕ್ಕಳ ಮೇಲೆ ಬೀಳಿಸಿ ಗುಣಪಡಿಸಿದ. ಇದರಲ್ಲಿ ಒಂದು ಸ್ವಾರಸ್ಯವಿತ್ತು. ಮಗುವಿನ ಒಂದು ತೋಳಿಗೆ ಮಾತ್ರ ಕಿರಣ ತಾಗಿಸಿದರೂ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾಗುತ್ತಿತ್ತು! ಎಂದಮೇಲೆ, ಬೆಳಕು ಚರ್ಮದಲ್ಲಿ ಯಾವುದೋ ವಸ್ತುವನ್ನು ಹುಟ್ಟಿಸುತ್ತದೆ, ಆ ವಸ್ತು ರಕ್ತದೊಡನೆ ಸಂಚರಿಸಿ ಮೂಳೆಯನ್ನು ಮುಟ್ಟುತ್ತದೆ ಎಂದು ಊಹಿಸದೆ ಗತ್ಯಂತರವಿಲ್ಲ.

೧೯೨೨ರಲ್ಲಿ ಅಮೆರಿಕದ ಮೆಕಾಲಮ್ ಕಾಡ್ ಎಣ್ಣೆಯನ್ನು ಕಾಯಿಸಿ ಅದರಲ್ಲಿ ಗಾಳಿಯೂದಿ ಎ ಅನ್ನಾಂಗವನ್ನು ನಾಶಮಾಡಿದ. ಆದರೂ ಎಣ್ಣೆ ರಿಕೆಟ್ಸನ್ನು ವಾಸಿಮಾಡುತ್ತಿತ್ತು. ಅದರಲ್ಲಿ ಮತ್ತೊಂದು ಅನ್ನಾಂಗವಿರಬೇಕೆಂದು ತರ್ಕಿಸಿ, ಎ, ಬಿ, ಸಿಗಳ ತರುವಾಯದ ಅಕ್ಷರವನ್ನು ಅದಕ್ಕೆ ಹೆಸರಾಗಿ ಇಟ್ಟ. ೧೯೨೪ರಲ್ಲಿ ಸ್ಟೀನ್‌ಬಾಕ್ ಎಂಬಾತ ಇಲಿಗಳ ಆಹಾರದ ಮೇಲೆ ಅತಿನೇರಿಳೆ ಕಿರಣಗಳನ್ನು ಹಾಯಿಸಿದರೆ ಆ ಆಹಾರವೇ ಔಷಧವಾಗುವುದೆಂದು ತೋರಿಸಿದ. ಈ ವಸ್ತುಗಳ ರಸಾಯನವನ್ನು ಬಿಡಿಸಿದ ಜರ್ಮನಿಯ ವಿಂಡೌಸ್‌ಗೆ ೧೯೨೮ರ ನೊಬೆಲ್ ಪಾರಿತೋಷಕ ಸಂದಿತು.

ಅನ್ನಾಂಗವೆಂದರೆ ಅನ್ನದ ಒಂದು ಅಂಗ. ಡಿಗೆ ಈ ಹೆಸರು ಅಷ್ಟಾಗಿ ಒಪ್ಪುವುದಿಲ್ಲ. ನಮ್ಮ ನಿತ್ಯದ ಊಟದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಅಡಿಗೆ ಮಾಡುವವನು ಸೂರ್ಯ. ಅಡಿಗೆಮನೆ ನಮ್ಮ ಚರ್ಮ.

ಕಿರಣ ಮಾಡುವ ಕೆಲಸ

ನಮ್ಮ ಚರ್ಮದಲ್ಲಿ ಕೊಲೆಸ್ಟೆರಾಲಿನ ಹತ್ತಿರದ ನಂಟನಾದ ಒಂದು ವಸ್ತುವಿದೆ. ಇದರ ಅಣುವಿನಲ್ಲಿ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಉಂಗುರಗಳಿವೆ. ಎರಡನೆಯ ಉಂಗುರದ ಒಂದು ಬಂಧ ಕಳಚಿಕೊಂಡು ಉಂಗುರ ತೆರೆದರೆ ಡಿ ಅನ್ನಾಂಗದ ಪೂರ್ವರೂಪ ಸಿದ್ಧವಾಗುತ್ತದೆ. ಮುಂದೆ ದೇಹದ ಬಿಸುಪಿನಿಂದಲೇ ಕೆಲವು ಗಂಟೆಗಳಲ್ಲಿ ಅದು ಡಿ ಅನ್ನಾಂಗವಾಗಿ ಮಾರ್ಪಡುತ್ತದೆ.

ಬಂಧ ಕಳಚಲು ಶಕ್ತಿ ಬೇಕು. ಬೆಳಕು ಶಕ್ತಿಯ ಪೊಟ್ಟಣಗಳಾಗಿ, ಎಂದರೆ ಫೋಟಾನುಗಳಾಗಿ ಬರುತ್ತದೆಂಬುದು ವಾಚಕರಿಗೆ ತಿಳಿದೇ ಇದೆ. ೧೨೪೦ ಎಂಬ ಸಂಖ್ಯೆಯನ್ನು ನ್ಯಾನೊಮೀಟರುಗಳಲ್ಲಿ ಹೇಳಿದ ಅಲೆಯುದ್ದದಿಂದ ಭಾಗಿಸಿದರೆ ಒಂದು ಫೋಟಾನಿನ ಶಕ್ತಿ ಎಲೆಕ್ಟ್ರಾನ್‌ವೋಲ್ಟುಗಳಲ್ಲಿ ದೊರೆಯುತ್ತದೆ. ೫೫೦ ನ್ಯಾನೊಮೀಟರಿನ ಹಸಿರು ಬೆಳಕಿಗೆ ಅದು ಸುಮಾರು ೨.೩, ೩೦೦ ನ್ಯಾನೊಮೀಟರಿನ ಅತಿನೇರಿಳೆ ಕಿರಣಕ್ಕೆ ಸುಮಾರು ೪.೧. ಹಸಿರು ಫೋಟಾನನ್ನು ಈ ಅಣು ಹೀರಿಕೊಳ್ಳುವುದೇ ಇಲ್ಲ. ಬೆರಳಿನಿಂದ ಸಾವಿರ ಬಾರಿ ತಟ್ಟಿದರೂ ತೆಂಗಿನಕಾಯಿ ಒಡೆಯದು. ಬಲವಾದ ಒಂದೇ ಏಟಿಗೆ ಒಡೆದೀತು. ಹಾಗೆಯೇ ಸುಮಾರು ೨೯೦ರಿಂದ ೩೧೫ ನ್ಯಾನೊಮೀಟರಿನವರೆಗಿನ ಕಿರಣಗಳು ಮಾತ್ರ ಈ ಕೆಲಸವನ್ನು ಮಾಡಬಲ್ಲವು. ೨೯೦ಕ್ಕಿಂತ ಕಿರಿದಾದ ಅಲೆಗಳು ವಾಯುಮಂಡಲದ ಓಜೋನ್ ಪದರವನ್ನು ದಾಟಿ ನೆಲಕ್ಕೆ ಇಳಿಯುವುದೇ ಇಲ್ಲ.

ಉಪಯುಕ್ತವಾದ ಕಿರಣಗಳನ್ನೂ ಓಜೋನ್ ಬಹುಮಟ್ಟಿಗೆ ಹೀರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದರೆ ಕಿರಣದ ದಾರಿ ಹತ್ತಿರ; ದಿಗಂತದಿಂದ ೩೦ ಡಿಗ್ರಿ ಎತ್ತರದಲ್ಲಿದ್ದರೆ ದಾರಿ ಎರಡರಷ್ಟು. ನೇರ ದಾರಿಯಲ್ಲಿ ಹತ್ತರಲ್ಲೊಂದು ಪಾಲು ಉಳಿಯುವುದಾದರೆ ಎರಡರಷ್ಟು ದಾರಿಯಲ್ಲಿ ಉಳಿಯುವುದು ಇಪ್ಪತ್ತರಲ್ಲೊಂದು ಪಾಲಲ್ಲ, ನೂರರಲ್ಲೊಂದು ಪಾಲು. ಆದುದರಿಂದ ಸೂರ್ಯ ತುಸು ಇಳಿದರೂ ಈ ಕಿರಣಗಳು ಬೇಗನೆ ಬತ್ತಿಹೋಗುತ್ತವೆ.

ಇದನ್ನು ಅಳೆಯಲು ಉಪಕರಣವೇನೂ ಬೇಡ. ನಿಮ್ಮ ನೆರಳೇ ಸಾಕು. ನೆರಳು ನಿಮಗಿಂತ ಉದ್ದವಾಗಿದ್ದರೆ ಸೂರ್ಯ ೪೫ ಡಿಗ್ರಿಗಿಂತ ಕೆಳಗಿದ್ದಾನೆಂದು ಅರ್ಥ; ಆಗ ಚರ್ಮದಲ್ಲಿ ಡಿ ಹುಟ್ಟುವುದು ಅಲ್ಪ. ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ಏರುವುದು ೧೫ ಡಿಗ್ರಿ ಮಾತ್ರ. ನೆರಳು ಆಳಿನ ಎತ್ತರದ ಮೂರೂವರೆ ಪಟ್ಟಿಗೂ ಹೆಚ್ಚು. ಬೆಂಗಳೂರಿನಲ್ಲಿ ಅದೇ ದಿನ ಅದೇ ಹೊತ್ತಿಗೆ ಸೂರ್ಯ ೫೩ ಡಿಗ್ರಿಗೂ ಮೇಲಿರುತ್ತಾನೆ; ನೆರಳು ಎತ್ತರದ ಮುಕ್ಕಾಲು ಭಾಗ. ನಮಗೆ ವರ್ಷವಿಡೀ ನಡುಹಗಲಿನ ಬಿಸಿಲಿನಲ್ಲಿ ಡಿ ಉಂಟು.

ಹಾಗಾದರೆ ಅಜ್ಜಿಯ ಎಳೆಬಿಸಿಲು? ಸೂರ್ಯೋದಯದ ಒಂದು ಗಂಟೆಯ ಬಳಿಕ ಬೆಂಗಳೂರಿನಲ್ಲೂ ಸೂರ್ಯನ ಎತ್ತರ ಸುಮಾರು ೧೪ ಡಿಗ್ರಿ ಮಾತ್ರ. ನಮ್ಮ ಎಳೆಬಿಸಿಲೂ ಲಂಡನ್ನಿನ ಡಿಸೆಂಬರಿನ ನಡುಹಗಲೂ ಈ ವಿಷಯದಲ್ಲಿ ಒಂದೇ! ಅಜ್ಜಿಯ ನಂಬಿಕೆಯಲ್ಲಿ ಬಿಸಿಲು ಸರಿ, ಹೊತ್ತು ಸರಿಯಲ್ಲ. ಹಾಗೆಂದು ಕೂಸನ್ನು ಉರಿಬಿಸಿಲಿನಲ್ಲಿ ಮಲಗಿಸಬಾರದು. ಎದೆಹಾಲಿನಲ್ಲಿಯೂ ಡಿ ಬಹಳ ಕಡಿಮೆಯಾದುದರಿಂದ ಶಿಶುವೈದ್ಯರು ದಿನಕ್ಕೆ ೪೦೦ ಘಟಕಗಳ ಹನಿಮದ್ದನ್ನು ಸೂಚಿಸುತ್ತಾರೆ. ೪೦ ಘಟಕಗಳೆಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಎಷ್ಟು ಅಲ್ಪವಾದ ವಸ್ತುವಿನಿಂದ ಎಷ್ಟು ದೊಡ್ಡ ಕೆಲಸ!

ಆಸೆ ಹುಟ್ಟಿದ ಬಗೆ

ಚರ್ಮದಲ್ಲಿ ಹುಟ್ಟಿದ ಡಿ ಹಾಗೆಯೇ ಕೆಲಸಕ್ಕೆ ಬಾರದು. ಪಿತ್ತಜನಕಾಂಗದಲ್ಲಿ ಒಮ್ಮೆ, ಮೂತ್ರಪಿಂಡಗಳಲ್ಲಿ ಇನ್ನೊಮ್ಮೆ ಅದು ಮಾರ್ಪಾಟು ಹೊಂದಿ ಹಾರ್ಮೋನಾಗುತ್ತದೆ. ವೈದ್ಯರು ರಕ್ತದಲ್ಲಿ ಅಳೆಯುವುದು ಮೊದಲ ಮಾರ್ಪಾಟಿನ ರೂಪವನ್ನು. ಹಾರ್ಮೋನು ಕರುಳಿನ ಜೀವಕೋಶಗಳಿಗೆ ಹೋಗಿ, ಆಹಾರದ ಸುಣ್ಣಾಂಶವನ್ನು ಹೀರಿಕೊಳ್ಳುವಂತೆ ಆಜ್ಞಾಪಿಸುತ್ತದೆ. ನಮ್ಮ ರಾಗಿಯಲ್ಲಿ ೧೦೦ ಗ್ರಾಮಿಗೆ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದೆ. ಆದರೆ ಡಿ ಇಲ್ಲದಿದ್ದರೆ ಅದರ ಬಹುಭಾಗ ಬಾಗಿಲವರೆಗೆ ಬಂದು ಹಿಂದಿರುಗಿದ ಅತಿಥಿಯಂತೆ ಹೊರಟುಹೋಗುತ್ತದೆ.

ಈ ಹಾರ್ಮೋನಿನ ಆಜ್ಞೆಯನ್ನು ಕೇಳುವ ಕಿವಿಗಳು ಕರುಳಿನಲ್ಲಿ ಮಾತ್ರವಲ್ಲದೆ ದೇಹದ ಇನ್ನೂ ಅನೇಕ ಜೀವಕೋಶಗಳಲ್ಲಿವೆ ಎಂಬುದು ತರುವಾಯ ತಿಳಿದುಬಂತು. ೧೯೮೧ರಲ್ಲಿ ಜಪಾನಿನ ಸಂಶೋಧಕರು, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಇಲಿಯ ರಕ್ತಕ್ಯಾನ್ಸರ್ ಕೋಶಗಳಿಗೆ ಈ ಹಾರ್ಮೋನನ್ನು ಹಾಕಿದಾಗ ಅವು ಪ್ರೌಢ ಕೋಶಗಳತ್ತ ಮಾರ್ಪಡುವುದನ್ನು ಕಂಡರು. ೨೦೦೬ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು, ರೋಗಾಣುಗಳನ್ನು ನುಂಗುವ ನಮ್ಮ ಜೀವಕೋಶಗಳು ಡಿಯ ನೆರವಿನಿಂದ ಕ್ಷಯದ ರೋಗಾಣುವನ್ನು ಕೊಲ್ಲುವ ವಸ್ತುವೊಂದನ್ನು ತಯಾರಿಸುವುದೆಂದು ತೋರಿಸಿದರು. ಇತ್ತ ೧೯೮೦ರಲ್ಲಿ ಸೆಡ್ರಿಕ್ ಮತ್ತು ಫ್ರಾಂಕ್ ಗಾರ್ಲೆಂಡ್ ಎಂಬ ಸೋದರರು ಅಮೆರಿಕದ ಭೂಪಟವನ್ನು ಮುಂದಿಟ್ಟುಕೊಂಡು, ಬಿಸಿಲು ಕಡಿಮೆಯಿರುವ ಪ್ರದೇಶಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಸಾಯುವವರು ಹೆಚ್ಚೆಂದು ಗುರುತಿಸಿದ್ದರು. ೨೦೨೦ರಲ್ಲಿ ಕೋವಿಡ್ ಹರಡಿದಾಗ, ರೋಗ ಉಲ್ಬಣಿಸಿದವರ ರಕ್ತದಲ್ಲಿ ಡಿ ಕಡಿಮೆಯೆಂದು ಹಲವು ಆಸ್ಪತ್ರೆಗಳಿಂದ ವರದಿಗಳು ಬಂದುವು.

ಗಾಜಿನ ಪಾತ್ರೆಯ ಸಾಕ್ಷ್ಯ, ಭೂಪಟದ ಸಾಕ್ಷ್ಯ, ರಕ್ತದ ಸಾಕ್ಷ್ಯ, ಮೂರೂ ಒಂದೇ ಕಡೆಗೆ ಬೆರಳು ತೋರಿದುವು. ಹೀಗಿರಲು ಆಸೆ ಹುಟ್ಟಿದುದು ಆಶ್ಚರ್ಯವಲ್ಲ. ವಿದ್ಯಾರ್ಥಿಯ ಬಂಧುಗಳು ಸುಳ್ಳು ಹೇಳಿರಲಿಲ್ಲ. ಅರ್ಧ ಕಥೆಯನ್ನು ಹೇಳಿದ್ದರು.

ಜೊತೆಗಿದ್ದದ್ದೆಲ್ಲ ಕಾರಣವೇ?

ಕೊಡೆಗಳು ಹೆಚ್ಚಾಗಿ ಕಾಣುವ ದಿನ ಮಳೆಯೂ ಬರುತ್ತದೆ. ಆದರೆ ಕೊಡೆ ಬಿಚ್ಚಿದುದರಿಂದ ಮಳೆ ಬಂತೆಂದು ಯಾರೂ ಹೇಳರು. ಎರಡು ಸಂಗತಿಗಳು ಜೊತೆಯಲ್ಲಿದ್ದರೆ ಮೂರು ಬಗೆಯ ಸಾಧ್ಯತೆಗಳಿವೆ. ಮೊದಲನೆಯದು ಎರಡನೆಯದಕ್ಕೆ ಕಾರಣವಿರಬಹುದು; ಎರಡನೆಯದೇ ಮೊದಲನೆಯದಕ್ಕೆ ಕಾರಣವಿರಬಹುದು; ಇಲ್ಲವೆ ಎರಡಕ್ಕೂ ಮೂರನೆಯದೊಂದು ಕಾರಣವಿರಬಹುದು.

ಡಿಯ ವಿಷಯದಲ್ಲಿ ಮೂರೂ ಸಾಧ್ಯತೆಗಳು ಜೀವಂತವಾಗಿವೆ. ರೋಗಿಯಾದವನು ಮನೆಯೊಳಗೇ ಇರುತ್ತಾನೆ, ಬಿಸಿಲು ಕಾಣುವುದಿಲ್ಲ. ಅಷ್ಟೇ ಅಲ್ಲ, ದೇಹದಲ್ಲಿ ಉರಿಯೂತ ಉಂಟಾದಾಗ ರಕ್ತದಲ್ಲಿನ ಡಿಯ ಮಟ್ಟ ತಾನಾಗಿಯೇ ಇಳಿಯುತ್ತದೆ. ಮಂಡಿಯ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯಾದವರ ರಕ್ತದಲ್ಲಿ ಒಂದೆರಡು ದಿನಗಳಲ್ಲೇ ಇದು ಇಳಿದುದನ್ನು ಅಳೆದು ನೋಡಿದ್ದಾರೆ. ಇಲ್ಲಿ ಡಿಯ ಕೊರತೆ ಕಾರಣವಲ್ಲ, ಪರಿಣಾಮ. ಇನ್ನು ಮುಪ್ಪು, ಬೊಜ್ಜು, ಬಡತನ ಇವು ಡಿಯನ್ನೂ ತಗ್ಗಿಸುತ್ತವೆ, ರೋಗವನ್ನೂ ಹೆಚ್ಚಿಸುತ್ತವೆ. ಭೂಪಟವನ್ನೂ ರಕ್ತಪರೀಕ್ಷೆಯನ್ನೂ ಎಷ್ಟು ಹೊತ್ತು ನೋಡಿದರೂ ಈ ಮೂರನ್ನು ಬೇರ್ಪಡಿಸಲಾಗದು.

ಬೇರ್ಪಡಿಸುವ ಉಪಾಯ ಒಂದೇ. ಸಾವಿರಾರು ಜನರನ್ನು ಕೂಡಿಸಿ, ಒಬ್ಬೊಬ್ಬರಿಗೂ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಡಿ. ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಆದರೆ ಸತ್ವವಿಲ್ಲದ ಹುಸಿಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂಬುದು ಕೊಟ್ಟವರಿಗೂ ತಿಳಿಯಕೂಡದು, ತೆಗೆದುಕೊಂಡವರಿಗೂ ತಿಳಿಯಕೂಡದು. ಮುಪ್ಪು, ಬೊಜ್ಜು, ಬಡತನಗಳು ಎರಡು ಗುಂಪುಗಳಲ್ಲೂ ಸರಿಸಮನಾಗಿ ಹಂಚಿಹೋಗುತ್ತವೆ. ವ್ಯತ್ಯಾಸವೇನಾದರೂ ಉಳಿದರೆ ಅದು ಗುಳಿಗೆಯದು.

ಪರೀಕ್ಷೆಗಳು ಹೇಳುವುದೇನು?

ಮೊದಲು ವೈರಸ್ ರೋಗಗಳನ್ನು ತೆಗೆದುಕೊಳ್ಳೋಣ. ನೆಗಡಿ, ಫ್ಲೂ ಮೊದಲಾದ ಉಸಿರಾಟದ ಸೋಂಕುಗಳ ಬಗ್ಗೆ ನಡೆದ ೨೫ ಪರೀಕ್ಷೆಗಳನ್ನು ೨೦೧೭ರಲ್ಲಿ ಒಟ್ಟುಗೂಡಿಸಿದರು. ಭಾಗವಹಿಸಿದ್ದವರು ಸುಮಾರು ೧೧,೦೦೦ ಮಂದಿ. ಡಿ ತೆಗೆದುಕೊಂಡವರಲ್ಲಿ ಸೋಂಕು ಸ್ವಲ್ಪ ಕಡಿಮೆಯೆಂದೂ, ತೀವ್ರ ಕೊರತೆಯಿದ್ದವರಿಗೆ ಲಾಭ ಹೆಚ್ಚೆಂದೂ ಕಂಡಿತು. ಆದರೆ ಮುಂದೆ ದೊಡ್ಡ ಪರೀಕ್ಷೆಗಳು ಸೇರುತ್ತ ಬಂದಂತೆ ಲಾಭ ಕರಗುತ್ತ ಬಂತು. ೨೦೨೫ರಲ್ಲಿ ೪೬ ಪರೀಕ್ಷೆಗಳ, ೬೦,೦೦೦ಕ್ಕೂ ಹೆಚ್ಚು ಜನರ ಲೆಕ್ಕವನ್ನು ಕೂಡಿಸಿದಾಗ, ಉಳಿದ ಅಲ್ಪ ವ್ಯತ್ಯಾಸ ಕೇವಲ ಆಕಸ್ಮಿಕವಿರಬಹುದೆಂಬ ಶಂಕೆಯನ್ನು ಮೀರಲಿಲ್ಲ.

ಕೋವಿಡ್ ವಿಷಯವೂ ಇದರಂತೆಯೇ. ಬ್ರೆಜಿಲ್ ದೇಶದಲ್ಲಿ ಆಸ್ಪತ್ರೆ ಸೇರಿದ್ದ ೨೪೦ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಒಂದೇ ಬಾರಿಗೆ ೨ ಲಕ್ಷ ಘಟಕಗಳನ್ನು ಕೊಟ್ಟರು. ಅವರು ಉಳಿದವರಿಗಿಂತ ಬೇಗ ಮನೆಗೆ ಹೋಗಲಿಲ್ಲವೆಂದು ೨೦೨೧ರಲ್ಲಿ ವರದಿಯಾಯಿತು. ೨೦೨೨ರಲ್ಲಿ ನಾರ್ವೆಯಿಂದ ಬಂದ ವರದಿ ಇತಿಹಾಸವನ್ನು ಬಲ್ಲವರಿಗೆ ವಿಶೇಷವೆನಿಸೀತು. ಅಲ್ಲಿ ೩೪,೦೦೦ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿ ಆರು ತಿಂಗಳು ದಿನವೂ ಒಂದು ಚಮಚ, ಮೆಲನ್‌ಬಿಯ ಅದೇ ಕಾಡ್ ಎಣ್ಣೆಯನ್ನು, ಕುಡಿದರು; ಉಳಿದವರು ಜೋಳದ ಎಣ್ಣೆಯನ್ನು ಕುಡಿದರು. ರಿಕೆಟ್ಸನ್ನು ಗೆದ್ದ ಎಣ್ಣೆ ಕೋವಿಡ್ಡಿನ ಮುಂದೆ ಜೋಳದ ಎಣ್ಣೆಗೆ ಸಮನಾಯಿತು. ಗಾಜಿನ ಪಾತ್ರೆಯಲ್ಲಿ ಕ್ಷಯದ ರೋಗಾಣುವನ್ನು ಕೊಲ್ಲಲು ನೆರವಾಗಿದ್ದ ಡಿಯನ್ನು ಮಂಗೋಲಿಯದಲ್ಲಿ ೮,೮೫೧ ಶಾಲಾ ಮಕ್ಕಳ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಮಕ್ಕಳು ಮೂರು ವರ್ಷ ವಾರವಾರವೂ ಡಿ ಸೇವಿಸಿದರು. ಕ್ಷಯದ ಸೋಂಕು ಕಡಿಮೆಯಾಗಲಿಲ್ಲವೆಂದು ೨೦೨೦ರಲ್ಲಿ ತಿಳಿದುಬಂತು. ಪಾತ್ರೆ ಬೇರೆ, ಮನುಷ್ಯನ ದೇಹ ಬೇರೆ.

ಈಗ ಕ್ಯಾನ್ಸರ್. ಈ ಬಗ್ಗೆ ಅಮೆರಿಕದಲ್ಲಿ ನಡೆದ ವೈಟಲ್ ಎಂಬ ಪರೀಕ್ಷೆ ಬಹು ದೊಡ್ಡದು. ೨೫,೮೭೧ ಮಂದಿಯಲ್ಲಿ ಅರ್ಧದಷ್ಟು ಜನ ದಿನಕ್ಕೆ ೨,೦೦೦ ಘಟಕಗಳಂತೆ ಐದು ವರ್ಷಕ್ಕೂ ಹೆಚ್ಚು ಕಾಲ ಡಿ ಸೇವಿಸಿದರು. ಫಲಿತಾಂಶ ೨೦೧೮ರಲ್ಲಿ ಹೊರಬಂತು. ಡಿ ಗುಂಪಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡವರು ೭೯೩. ಹುಸಿಗುಳಿಗೆಯ ಗುಂಪಿನಲ್ಲಿ ೮೨೪. ಮೂವತ್ತೊಂದು ಕಡಿಮೆ! ಇದನ್ನು ಗೆಲುವೆನ್ನಬಹುದೆ?

ಇಲ್ಲಿ ನಾಣ್ಯವೊಂದನ್ನು ಕೈಗೆತ್ತಿಕೊಳ್ಳೋಣ. ಒಟ್ಟು ರೋಗಿಗಳು ೧,೬೧೭. ಗುಳಿಗೆಯಿಂದ ಏನೂ ಆಗದೆಂದು ಭಾವಿಸಿದರೆ, ಒಬ್ಬೊಬ್ಬ ರೋಗಿಯೂ ಯಾವ ಗುಂಪಿಗೆ ಸೇರಿದವನೆಂಬುದು ನಾಣ್ಯ ಚಿಮ್ಮಿದಂತೆ. ೧,೬೧೭ ಬಾರಿ ನಾಣ್ಯ ಚಿಮ್ಮಿದರೆ ತಲೆ ಬೀಳುವುದಕ್ಕೂ ಬಾಲ ಬೀಳುವುದಕ್ಕೂ ನಡುವೆ ಎಷ್ಟು ಅಂತರವನ್ನು ನಿರೀಕ್ಷಿಸಬೇಕು? ಆ ಸಂಖ್ಯೆಯ ವರ್ಗಮೂಲದಷ್ಟು ಅಂತರ ತೀರ ಸಾಮಾನ್ಯವೆಂದು ಸಂಭವನೀಯತೆಯ ಗಣಿತ ತಿಳಿಸುತ್ತದೆ. ೧,೬೧೭ರ ವರ್ಗಮೂಲ ಸುಮಾರು ೪೦. ಕಂಡ ಅಂತರ ೩೧. ನಾಣ್ಯವೇ ಇಷ್ಟನ್ನು ಮಾಡಬಲ್ಲದು. ಕ್ಯಾನ್ಸರ್ ಬರುವುದನ್ನು ಡಿ ತಡೆಯಿತೆಂದು ಹೇಳಲು ಇದರಲ್ಲಿ ಆಧಾರವಿಲ್ಲ.

ಕ್ಯಾನ್ಸರಿನಿಂದ ಸತ್ತವರ ಲೆಕ್ಕ ಇನ್ನೂ ಕುತೂಹಲಕರ: ೧೫೪ ಮತ್ತು ೧೮೭. ಅಂತರ ೩೩, ಮೊತ್ತವಾದ ೩೪೧ರ ವರ್ಗಮೂಲ ೧೮.೫. ಅಂತರ ವರ್ಗಮೂಲದ ೧.೮ ಪಟ್ಟು. ಎರಡು ಪಟ್ಟನ್ನು ಮೀರಿದರೆ ಮಾತ್ರ ಆಕಸ್ಮಿಕವಲ್ಲವೆಂದು ಎಣಿಸುವುದು ವಾಡಿಕೆ. ಇದು ಹೊಸ್ತಿಲವರೆಗೆ ಬಂದಿದೆ, ಒಳಗೆ ಕಾಲಿಟ್ಟಿಲ್ಲ. ೨೦೨೩ರಲ್ಲಿ ೧೪ ಪರೀಕ್ಷೆಗಳ, ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಕೂಡಿಸಿದಾಗ ಒಟ್ಟಿನಲ್ಲಿ ಲಾಭ ಸ್ಥಿರಪಡಲಿಲ್ಲ. ದಿನದಿನವೂ ಸಣ್ಣ ಪ್ರಮಾಣದಲ್ಲಿ ಡಿ ಕೊಟ್ಟ ಪರೀಕ್ಷೆಗಳಲ್ಲಿ ಮಾತ್ರ ಕ್ಯಾನ್ಸರ್ ಮರಣಗಳು ಶೇಕಡಾ ೧೨ರಷ್ಟು ಕಡಿಮೆಯಿದ್ದುವು. ತಿಂಗಳಿಗೊಮ್ಮೆ ೬೦,೦೦೦ ಘಟಕಗಳನ್ನು ಕೊಟ್ಟ ಆಸ್ಟ್ರೇಲಿಯದ ದೊಡ್ಡ ಪರೀಕ್ಷೆಯಲ್ಲಿ ಮರಣಗಳು ಕಡಿಮೆಯಾಗಲಿಲ್ಲ. ಆದುದರಿಂದ ದಿನದ ಸಣ್ಣ ಪ್ರಮಾಣದ ಲಾಭ ಮುಂದೆ ಶೋಧಿಸಲು ಯೋಗ್ಯವಾದ ಸುಳಿವು, ಇನ್ನೂ ಸಿದ್ಧಾಂತವಲ್ಲ.

ಕ್ಯಾನ್ಸರ್ ಆದಮೇಲೆ? ಜಪಾನಿನಲ್ಲಿ ಜೀರ್ಣಾಂಗಗಳ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ೪೧೭ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ೨೦೧೯ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ತರುವಾಯ ರೋಗ ಮರುಕಳಿಸದೆ ಬದುಕಿದ್ದವರು ಡಿ ಗುಂಪಿನಲ್ಲಿ ಶೇಕಡಾ ೭೭, ಇನ್ನೊಂದರಲ್ಲಿ ೬೯. ಈ ಅಂತರವೂ ಆಕಸ್ಮಿಕದ ಎಲ್ಲೆಯೊಳಗೇ ಉಳಿಯಿತು. ಇಲ್ಲಿ ವಾಚಕರು ಮುಖ್ಯವಾಗಿ ಗಮನಿಸಬೇಕಾದುದು ಬೇರೊಂದಿದೆ. ಈ ರೋಗಿಗಳೆಲ್ಲರಿಗೂ ಶಸ್ತ್ರಚಿಕಿತ್ಸೆ ಮೊದಲೇ ಆಗಿತ್ತು. ಡಿಯನ್ನು ಕೊಟ್ಟದ್ದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಹಣತೆಯ ಎಣ್ಣೆ

ಹಾಗಾದರೆ ಡಿ ನಿಷ್ಪ್ರಯೋಜಕವೆ? ಖಂಡಿತ ಅಲ್ಲ. ಎಣ್ಣೆಯಿಲ್ಲದ ಹಣತೆ ಉರಿಯದು. ಎಣ್ಣೆ ಹಾಕಿದರೆ ಬೆಳಗುತ್ತದೆ. ಆದರೆ ತುಂಬಿದ ಹಣತೆಗೆ ಮತ್ತೆ ಎಣ್ಣೆ ಸುರಿದರೆ ಬೆಳಕು ಹೆಚ್ಚುವುದಿಲ್ಲ. ಎಣ್ಣೆ ಚೆಲ್ಲುತ್ತದೆ, ಕೆಲವು ವೇಳೆ ಬತ್ತಿಯೂ ಮುಳುಗುತ್ತದೆ. ರಿಕೆಟ್ಸ್ ಬಂದ ಮಗುವಿಗೆ, ಮೂಳೆ ಮೆತ್ತಗಾದ ವಯಸ್ಕರಿಗೆ, ಬಿಸಿಲು ಕಾಣದೆ ಮನೆಯೊಳಗಿರುವ ವೃದ್ಧರಿಗೆ ಡಿ ಸಂಜೀವಿನಿಯೇ ಸರಿ. ದೊಡ್ಡ ಪರೀಕ್ಷೆಗಳಲ್ಲಿ ಭಾಗವಹಿಸಿದವರಲ್ಲಿ ಬಹುಮಂದಿಯ ಹಣತೆ ಮೊದಲೇ ತಕ್ಕಮಟ್ಟಿಗೆ ತುಂಬಿತ್ತು. ಲಾಭ ಕಾಣದಿರಲು ಇದೂ ಒಂದು ಕಾರಣವಿರಬಹುದೆಂದು ಕೆಲವರು ವಾದಿಸುತ್ತಾರೆ; ವಾದ ತಳ್ಳಿಹಾಕುವಂಥದಲ್ಲ.

ನಮ್ಮ ದೇಶದಲ್ಲಿ ಇಷ್ಟು ಬಿಸಿಲಿದ್ದೂ ಕೊರತೆ ವ್ಯಾಪಕವಾಗಿದೆ. ದೆಹಲಿಯ ವೈದ್ಯರು ೨೦೦೦ದಲ್ಲಿಯೇ ಆರೋಗ್ಯವಂತರಲ್ಲೂ ಇದನ್ನು ಗುರುತಿಸಿದರು. ಕಾರಣಗಳು ಗೂಢವಲ್ಲ. ನಡುಹಗಲಿನಲ್ಲಿ ನಾವು ಕಚೇರಿ, ಕಾಲೇಜುಗಳ ಒಳಗಿರುತ್ತೇವೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಮೈ ತುಂಬ ಬಟ್ಟೆ ತೊಡುತ್ತೇವೆ. ನಗರದ ಹೊಗೆಯೂ ದೂಳೂ ಕಿರಣಗಳನ್ನು ಹೀರುತ್ತವೆ. ಕಪ್ಪು ಮೈಬಣ್ಣದವರಿಗೆ ಬಿಳಿ ಮೈಬಣ್ಣದವರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ಈ ಕೊರತೆಯನ್ನು ನೀಗಲೆಂದು ಹಾಲಿಗೂ ಅಡಿಗೆ ಎಣ್ಣೆಗೂ ಡಿ ಬೆರೆಸಲು ಸರ್ಕಾರ ೨೦೧೮ರಲ್ಲಿ ನಿಯಮಗಳನ್ನು ರೂಪಿಸಿತು.

ಆದರೆ ಬಿಸಿಲಿನ ಡಿಗೂ ಗುಳಿಗೆಯ ಡಿಗೂ ಒಂದು ಮುಖ್ಯ ಭೇದವಿದೆ. ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಂತರೆ ಅದೇ ಕಿರಣಗಳು ಡಿಯ ಪೂರ್ವರೂಪವನ್ನು ಕೆಲಸಕ್ಕೆ ಬಾರದ ಬೇರೆ ವಸ್ತುಗಳನ್ನಾಗಿ ಮಾಡಿಬಿಡುತ್ತವೆ. ಚರ್ಮ ಸುಟ್ಟೀತು, ಡಿ ಮಾತ್ರ ಮಿತಿಮೀರದು. ಇದು ಪ್ರಕೃತಿ ಇಟ್ಟ ಅಗುಳಿ. ಗುಳಿಗೆಗೆ ಇಂಥ ಅಗುಳಿಯಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದುದು ಸುಮಾರು ೬೦೦ ಘಟಕಗಳು. ವೈದ್ಯರ ಸಲಹೆಯಿಲ್ಲದೆ ೪,೦೦೦ವನ್ನು ಮೀರಬಾರದೆಂದು ಅಮೆರಿಕದ ತಜ್ಞರ ಸಮಿತಿ ೨೦೧೧ರಲ್ಲಿ ನಿರ್ಣಯಿಸಿತು. ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಪೊಟ್ಟಣದಲ್ಲಿ ೬೦,೦೦೦ ಘಟಕಗಳಿರುತ್ತವೆ, ಎಂದರೆ ನೂರು ದಿನಗಳ ಪಡಿ. ಕೊರತೆಯಿದ್ದವರಿಗೆ ವೈದ್ಯರು ಅದನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡುವುದುಂಟು. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದರೆ ಅನಾಹುತವೇ ಆದೀತು. ರಕ್ತದಲ್ಲಿ ಸುಣ್ಣಾಂಶ ಏರುತ್ತದೆ. ವಾಕರಿಕೆ, ಬಾಯಾರಿಕೆ, ಮಲಬದ್ಧತೆ, ಮಂಕು ಕಾಣಿಸಿಕೊಳ್ಳುತ್ತವೆ. ಕೊನೆಗೆ ಮೂತ್ರಪಿಂಡಗಳು ಕೆಡುತ್ತವೆ. ಮೂಳೆಗಾದರೂ ಹೆಚ್ಚು ಡಿ ಹೆಚ್ಚು ಹಿತವೆಂದು ತಿಳಿಯಬೇಡಿ. ವರ್ಷಕ್ಕೊಮ್ಮೆ ೫ ಲಕ್ಷ ಘಟಕಗಳನ್ನು ನುಂಗಿದ ಆಸ್ಟ್ರೇಲಿಯದ ವೃದ್ಧೆಯರು ನುಂಗದವರಿಗಿಂತ ಹೆಚ್ಚಾಗಿ ಬಿದ್ದು ಹೆಚ್ಚಾಗಿ ಮೂಳೆ ಮುರಿದುಕೊಂಡರೆಂದು ೨೦೧೦ರಲ್ಲಿ ವರದಿಯಾಗಿದೆ.

ಉತ್ತರ

ವಿದ್ಯಾರ್ಥಿಯ ಪ್ರಶ್ನೆಗೆ ಆ ಸಂಜೆ ಕರಿಹಲಗೆಯ ಮೇಲೆ ೭೯೩, ೮೨೪ ಎಂಬ ಎರಡು ಸಂಖ್ಯೆಗಳನ್ನು ಬರೆದೆ. ವರ್ಗಮೂಲವನ್ನು ಅವನೇ ತೆಗೆದ. ಸ್ವಲ್ಪ ಹೊತ್ತು ಅದನ್ನು ನೋಡುತ್ತ ನಿಂತು, “ಹಾಗಾದರೆ ಇದನ್ನು ನಂಬಿ ಮೂರು ತಿಂಗಳು ಕಾಯುವಂತಿಲ್ಲ” ಎಂದ. ಕಾಯುವಂತಿಲ್ಲ ಎಂದೆ, ಕ್ಯಾನ್ಸರಿಗೆ ಮೂರು ತಿಂಗಳು ಸಣ್ಣ ಕಾಲವಲ್ಲ. ಉಳಿದುದನ್ನು ತಂದೆಯ ವೈದ್ಯರನ್ನೇ ಕೇಳು ಎಂದು ಕಳುಹಿಸಿದೆ.

ಶಸ್ತ್ರಚಿಕಿತ್ಸೆ ಗೊತ್ತಾದ ದಿನವೇ ನಡೆಯಿತು. ತಂದೆಯ ರಕ್ತದಲ್ಲಿ ಡಿಯ ಕೊರತೆಯೂ ಇದ್ದುದರಿಂದ ವೈದ್ಯರು ಅದಕ್ಕೂ ಔಷಧ ಬರೆದುಕೊಟ್ಟರೆಂದು ಹುಡುಗ ಆಮೇಲೆ ತಿಳಿಸಿದ. ಎರಡೂ ಸರಿಯೇ. ಕರುಳಿನ ಗಂಟಿಗೆ ಕತ್ತರಿ, ಮೂಳೆಗೆ ಡಿ.

ಇನ್ನು ಮುಂದೆ ಇಂಥ ಮಾತು ಕಿವಿಗೆ ಬಿದ್ದಾಗ ವಾಚಕರು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇದು ಕಂಡದ್ದು ಪಾತ್ರೆಯಲ್ಲೋ ಮನುಷ್ಯನಲ್ಲೋ? ಎರಡು ಸಂಗತಿಗಳು ಬರಿದೇ ಜೊತೆಗಿದ್ದುವೋ, ಚೀಟಿ ಎತ್ತಿ ಪರೀಕ್ಷಿಸಿದರೋ? ಅಂತರ ವರ್ಗಮೂಲದ ಎರಡು ಪಟ್ಟನ್ನು ಮೀರಿತೋ? ಔಷಧವನ್ನು ಕೊಟ್ಟದ್ದು ಕೊರತೆಯಿದ್ದವನಿಗೋ, ತುಂಬಿದ್ದವನಿಗೋ? ಇವಕ್ಕೆ ಉತ್ತರ ಹುಡುಕಲು ವೈದ್ಯರಾಗಬೇಕಿಲ್ಲ; ತರಗತಿಯಲ್ಲಿ ಕಲಿತ ಗಣಿತವನ್ನು ತರಗತಿಯ ಹೊರಗೂ ಮರೆಯದಿದ್ದರೆ ಸಾಕು.